ದೇವರು ಮೆಚ್ಚುವ ಕೆಲಸ

ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಮಾತು ಬಳಕೆಯಲ್ಲಿದೆ. ಬಾವಿಗೆ ಬಿದ್ದ ಕರುವನ್ನು ಯಾರಾದರೂ ಇಳಿದು ಮೇಲೆತ್ತಿದರೆ, ಬಿಸಿಲಿನಲ್ಲಿ ಬಂದ ದಾರಿಹೋಕನನ್ನು ಕೂರಿಸಿ ಒಂದು ಚೆಂಬು ಮಜ್ಜಿಗೆ ಕೊಟ್ಟರೆ, ಹಿರಿಯರು “ದೇವರು ಮೆಚ್ಚುವ ಕೆಲಸ ಮಾಡಿದೆ ಕಣಪ್ಪಾ” ಎನ್ನುತ್ತಾರೆ. ಯಾವ ದೇವರು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೋಲಾರ ಸೀಮೆಯಲ್ಲಿ ಹಾಗೆ ಕೇಳುವುದೂ ಕಷ್ಟವೇ. ಮುಳಬಾಗಿಲಿನಲ್ಲಿ ಶ್ರೀಪಾದರಾಜರ ನರಸಿಂಹತೀರ್ಥವಿದೆ, ಹೈದರ್ ವಲಿಯವರ ದರ್ಗಾ ಇದೆ, ಕೋಲಾರದಲ್ಲಿ ಕೋಲಾರಮ್ಮನಿದ್ದಾಳೆ, ಅದೇ ಊರಿನ ಮೆಥೋಡಿಸ್ಟ್ ಸಭೆಗೂ ನೂರು ವರ್ಷ ಮೀರಿದ ಚರಿತ್ರೆಯಿದೆ. ಈ ಕೊನೆಯದರ ವಿಷಯವಾಗಿ, ಅಂದರೆ ದೇವರನ್ನು ಮೆಚ್ಚಿಸುವ ಬಗೆಯನ್ನು ಕುರಿತ ಕ್ರೈಸ್ತ ಬೋಧೆ ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಹೇಗೆ ಪರೀಕ್ಷೆಗೊಳಗಾಯಿತು ಎಂಬುದರ ವಿಷಯವಾಗಿ, ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಕ್ರೈಸ್ತನಲ್ಲ. ಆದರೆ ಈ ಚರಿತ್ರೆಯ ಒಂದು ಎಳೆ ನಮ್ಮ ಮನೆಯೊಳಗಿನಿಂದಲೂ ಹಾದುಹೋಗಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಶಬ್ದದ ವಿಚಾರ. ಭಾಷೆಯನ್ನು ಕಲಿಸಿ ಅನ್ನ ಉಂಡವನಿಗೆ ಶಬ್ದದಿಂದ ಹೊರಡುವುದೇ ಅಭ್ಯಾಸ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಡೀ ಬೈಬಲನ್ನು ಕನ್ನಡಕ್ಕೆ ತಂದದ್ದು 1831ರ ವೇಳೆಗೆ. ಅನಂತರ ಹಲವರು ಅದನ್ನು ತಿದ್ದಿದರು. ಹೀಗೆ ಬೆಳೆದು ಬಂದ ಕನ್ನಡ ಕ್ರೈಸ್ತ ಪರಿಭಾಷೆಯಲ್ಲಿ ನೆಲೆಯಾಗಿ ನಿಂತ ಮಾತು ‘ನಂಬಿಕೆ’. ಈ ಮಾತಿಗೆ ಎರಡು ಮುಖಗಳಿವೆ. ನಾನು ದೇವರಲ್ಲಿ ಇಡುವುದು ನಂಬಿಕೆ. ‘ನಂಬಿಕೆಯ ಆಳು’ ಎಂದಾಗ ಅವನಲ್ಲಿ ಇತರರು ಇಡಬಹುದಾದದ್ದೂ ನಂಬಿಕೆಯೇ. ಹೊಸ ಒಡಂಬಡಿಕೆಯ ಮೂಲ ಗ್ರೀಕಿನ ‘ಪಿಸ್ತಿಸ್’ ಎಂಬ ಪದಕ್ಕೂ ಇದೇ ಎರಡು ಅರ್ಥ ಎಂದು ಬಲ್ಲವರು ಹೇಳುತ್ತಾರೆ. ಭಾಷಾಂತರಕಾರರು ಇಷ್ಟನ್ನೂ ಯೋಚಿಸಿ ಆರಿಸಿದರೋ ಇಲ್ಲವೋ, ಮಾತಂತೂ ಪುಣ್ಯದ ಆಯ್ಕೆ.

ನಂಬಿಕೆ ದೊಡ್ಡದೋ ನಡತೆ ದೊಡ್ಡದೋ ಎಂಬುದು ಕ್ರೈಸ್ತರ ಹಳೆಯ ಚರ್ಚೆ. ಮನುಷ್ಯ ತನ್ನ ಕ್ರಿಯೆಗಳ ಬಲದಿಂದ ದೇವರೆದುರು ನೀತಿವಂತನೆನಿಸಲಾರ, ನಂಬಿಕೆಯಿಂದ ಮಾತ್ರ ಎಂದು ಪೌಲ ವಾದಿಸಿದ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು, ಹಸಿದವನಿಗೆ ಬರಿಯ ಹರಕೆಯ ಮಾತು ಹೇಳಿ ಕಳುಹಿಸಿದರೆ ಬಂದ ಭಾಗ್ಯವೇನು ಎಂದು ಯಾಕೋಬನ ಪತ್ರಿಕೆ ಕೇಳುತ್ತದೆ. ಮಾರ್ಟಿನ್ ಲೂಥರನಿಗೆ ಈ ಎರಡನೆಯ ಮಾತು ಗಂಟಲಲ್ಲಿ ಇಳಿಯಲಿಲ್ಲ. 1522ರ ತನ್ನ ಜರ್ಮನ್ ಭಾಷಾಂತರದ ಮುನ್ನುಡಿಯಲ್ಲಿ ಆ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿಬಿಟ್ಟ. ಇನ್ನೂರು ವರ್ಷಗಳ ಮೇಲೆ ಇಂಗ್ಲೆಂಡಿನ ಜಾನ್ ವೆಸ್ಲಿ ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಲು ಹೊರಟ. 1743ರಲ್ಲಿ ತನ್ನ ಸಂಘಗಳಿಗೆ ಆತ ಹಾಕಿಕೊಟ್ಟ ನಿಯಮಗಳಲ್ಲಿ ಕೇಡು ಮಾಡದಿರುವುದು ಮೊದಲನೆಯದು, ಕೈಲಾದ ಒಳಿತನ್ನು ಮಾಡುವುದು ಎರಡನೆಯದು. ಪೂಜೆ ಪ್ರಾರ್ಥನೆಗಳ ವಿಧಿ ಬರುವುದು ಮೂರನೆಯದಾಗಿ. 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಪುಕ್ಕಟೆ ಔಷಧಶಾಲೆಯನ್ನೂ ತೆರೆದ. ಮೆಥೋಡಿಸ್ಟ್ ಪಂಥಕ್ಕೆ ಮೂಲಪುರುಷ ಇವನೇ. ಈ ಔಷಧಶಾಲೆಯನ್ನು ನೆನಪಿನಲ್ಲಿಟ್ಟುಕೊಂಡಿರಿ.

ಈಗ ಕೋಲಾರಕ್ಕೆ ಬರೋಣ. ನಮ್ಮದು ತುಂಬಿ ಹರಿಯುವ ನದಿಯಿಲ್ಲದ ಸೀಮೆ. ಪಾಲಾರ್ ಹುಟ್ಟುವುದು ಈ ಕಡೆಯಲ್ಲೇ ಆದರೂ ಅದರಿಂದ ನಮಗೆ ದಕ್ಕುವ ನೀರು ಎಷ್ಟೆಂಬುದು ಎಲ್ಲರಿಗೂ ಗೊತ್ತು. ಕೆರೆಗಳನ್ನು ಕಟ್ಟಿ, ಒಂದರ ಕೋಡಿಯಿಂದ ಇನ್ನೊಂದನ್ನು ತುಂಬಿಸಿಕೊಂಡು ಬದುಕಿದ ಜನ ನಾವು. ಇಂಥ ನಾಡಿನಲ್ಲಿ ಸಾಲಾಗಿ ಮಳೆ ತಪ್ಪಿದರೆ ಆಗುವುದೇನೆಂಬುದು ‘ಧಾತು ಈಶ್ವರ’ ಎಂಬ ಎರಡು ಮಾತಿನಲ್ಲಿ ಅಡಗಿದೆ. ಧಾತು, ಈಶ್ವರ ಸಂವತ್ಸರಗಳೆಂದರೆ 1876 ಮತ್ತು 1877. ಆ ಬರಕ್ಕೆ ಮುಂಚೆ, 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಒಳಗೆ ಬಂದಿತ್ತು. ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಮಾಲೂರಿನ ಮೇಲೆ ರೈಲು ಓಡಲಾರಂಭಿಸಿ, 1864ರಿಂದ ಲೆಕ್ಕ ಹಾಕಿದರೆ, ಹನ್ನೆರಡು ವರ್ಷವಾಗಿತ್ತು. ಮದರಾಸಿನಿಂದ ಧಾನ್ಯ ಬರಲು ದಾರಿಯಿತ್ತು, ಕೊಳ್ಳುವವನ ಕೈಯಲ್ಲಿ ಕಾಸಿರಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿಯೆಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್, ಪಕ್ಕದ ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಕೂಲಿಯನ್ನು ಇಳಿಸಿದ. ಅಷ್ಟರಲ್ಲಿ ದುಡಿಯುವ ದೇಹ ಉಳಿಯಲಾರದೆಂದು ಆ ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಹಟ ಹಿಡಿದು ವಾದಿಸಬೇಕಾಯಿತು. ಇಬ್ಬರೂ ಒಂದೇ ಧರ್ಮದವರು, ಒಂದೇ ಸರ್ಕಾರದ ಅಧಿಕಾರಿಗಳು. ಒಬ್ಬನ ಕಣ್ಣು ಖಜಾನೆಯ ಮೇಲಿತ್ತು, ಇನ್ನೊಬ್ಬನದು ಮನುಷ್ಯನ ಪಕ್ಕೆಲುಬಿನ ಮೇಲೆ.

ಆ ಬರದಲ್ಲಿ ತಂದೆ ತಾಯಿಗಳು ಸತ್ತು, ಇಲ್ಲವೆ ಸಾಕಲಾರದೆ ಬಿಟ್ಟು, ಹಾದಿಯ ಪಾಲಾದ ಮಕ್ಕಳಿಗಾಗಿ ಕೋಲಾರದಲ್ಲಿ ಅನಾಥಾಲಯ ನಡೆಸಿದಾಕೆ ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆ. ಗಂಜಿ ಕಾಯಿಸಿದಳು, ಕಜ್ಜಿ ತೊಳೆಯಿಸಿದಳು, ಅಕ್ಷರ ಕಲಿಸಿದಳು. 1890ರಲ್ಲಿ ಆ ಸಂಸ್ಥೆಯನ್ನು ಅಮೆರಿಕದ ಮೆಥೋಡಿಸ್ಟ್ ಮಿಷನ್ನಿಗೆ ಒಪ್ಪಿಸಲಾಯಿತು. ಕೋಲಾರದ ಮೆಥೋಡಿಸ್ಟರ ಕಥೆ ಹೀಗೆ ಹಸಿದ ಮಕ್ಕಳಿಂದ ಮೊದಲಾಗುತ್ತದೆ. ಚಿನ್ನದ ಗಣಿಯ ಕ್ರೈಸ್ತರ ಕಥೆಯೇ ಬೇರೆ. ಅವರಲ್ಲಿ ಬಹುಮಂದಿ ಕೆಲಸ ಹುಡುಕಿಕೊಂಡು ತಮಿಳುನಾಡಿನಿಂದ ಬಂದವರು.

ಇಲ್ಲಿ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಅದನ್ನು ತಪ್ಪಿಸಿಕೊಂಡು ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಆ ಮಕ್ಕಳು ಗಂಜಿಯ ಜೊತೆಗೆ ಹೊಸ ಹೆಸರನ್ನೂ ಹೊಸ ದೇವರನ್ನೂ ಪಡೆದರು. “ಗಂಜಿಗೆ ಜಾತಿ ಬಿಟ್ಟವರು” ಎಂಬ ಚುಚ್ಚುಮಾತನ್ನು ಅವರ ಮೊಮ್ಮಕ್ಕಳ ಕಾಲದಲ್ಲೂ ಆಡಿದವರನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹಾಗೆಂದವರನ್ನು ನಾನು ಒಂದು ಮಾತು ಕೇಳುತ್ತೇನೆ: ಊರ ಬಾಗಿಲಲ್ಲಿ ಮಗು ಅಳುತ್ತಿದ್ದಾಗ ನಿಮ್ಮ ನಮ್ಮ ಮುತ್ತಜ್ಜಂದಿರು ಯಾವ ಬಾಗಿಲು ತೆರೆದರು? ಆದರೆ ಮಿಷನ್ನಿನವರನ್ನೂ ಒಂದು ಮಾತು ಕೇಳಬೇಕು. ಆರು ವರ್ಷದ ಕೂಸಿಗೆ ಹಸಿವೆಯ ಹೊರತು ಬೇರೆ ಮತವಿಲ್ಲ. ಅದು ಒಪ್ಪಿತು ಎನ್ನುವುದು ಸಲ್ಲುವ ಮಾತಲ್ಲ. ದೂರದ ಊರುಗಳ ದಾನಿಗಳಿಗೆ ವರ್ಷವರ್ಷವೂ ಹೋಗುತ್ತಿದ್ದ ಮಿಷನ್ ವರದಿಗಳಲ್ಲಿ ದೀಕ್ಷಾಸ್ನಾನ ಪಡೆದವರ ಲೆಕ್ಕ ಇರುತ್ತಿತ್ತು. ಲೆಕ್ಕ ಬಂತೆಂದರೆ ದಾನಕ್ಕೆ ಬೇರೊಂದು ಬಣ್ಣ ಬರುತ್ತದೆ. ವಿಚಿತ್ರವೆಂದರೆ, ಈ ಆಕ್ಷೇಪಣೆಗೆ ಆಧಾರ ಅವರ ಗ್ರಂಥದಲ್ಲೇ ಇದೆ. ಮತ್ತಾಯನ ಸುವಾರ್ತೆಯ ಒಂದು ಕಡೆ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಬೋಧೆಯಿದೆ. ಇನ್ನೊಂದು ಕಡೆ ಕಡೆಯ ದಿನದ ತೀರ್ಪಿನ ಚಿತ್ರವಿದೆ. ಹಸಿದ ನನಗೆ ಉಣಿಸಿದಿರಿ ಎಂದು ರಾಜನು ನೀತಿವಂತರನ್ನು ಹೊಗಳಿದಾಗ, ನಾವು ನಿನ್ನನ್ನು ಕಂಡದ್ದಾದರೂ ಯಾವಾಗ ಎಂದು ಅವರೇ ಬೆರಗಾಗುತ್ತಾರೆ. ನನಗೆ ಆ ಬೆರಗೇ ಮುಖ್ಯವಾಗಿ ಕಾಣುತ್ತದೆ. ದೇವರು ಮೆಚ್ಚಿದ್ದು ಅವರಿಗೆ ಗೊತ್ತೇ ಇರಲಿಲ್ಲ! ಮೆಚ್ಚಿಸಬೇಕೆಂದು ಅವರು ಹೊರಟಿರಲೂ ಇಲ್ಲ. ಲಿಂಗಾಯತ ಶರಣರು ದಾಸೋಹವನ್ನು ದಾನದಿಂದ ಬೇರೆ ಮಾಡಿ ಕಂಡದ್ದು ಇಂಥದೇ ಸೂಕ್ಷ್ಮದಿಂದ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದ, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಗಳಾಗಿದ್ದೂ ಶರಣರಲ್ಲಿ ತಮ್ಮ ಬಂಧುಗಳನ್ನು ಕಂಡರೆಂದರೆ ಆಶ್ಚರ್ಯವಿಲ್ಲ.

ಕೋಲಾರದಲ್ಲಿ ಮುಂದೆ ಆದದ್ದನ್ನು ನೋಡಿದರೆ, ಆ ಲೆಕ್ಕ ಕ್ರಮವಾಗಿ ಹಿಂದೆ ಸರಿದಂತೆ ನನಗೆ ತೋರುತ್ತದೆ. ಬೆಳೆದ ಮಕ್ಕಳಿಗೆ ಹೊಟ್ಟೆಪಾಡು ಬೇಕಾಯಿತು. ಮಿಷನ್ನಿನ ಕೈಗಾರಿಕಾ ಶಾಲೆ ಅದಕ್ಕೆ ನೆರವಾಯಿತು. ಅಲ್ಲಿ ತಯಾರಾದ ಕಬ್ಬಿಣದ ನೇಗಿಲು ‘ಕೋಲಾರ ಮಿಷನ್ ನೇಗಿಲು’ ಎಂಬ ಹೆಸರಿನಲ್ಲಿ ಮೈಸೂರು ಸೀಮೆಯ ಹೊಲಗಳಿಗೆ ಇಳಿಯಿತು. ಮರದ ನೇಗಿಲು ಮಣ್ಣನ್ನು ಸೀಳಿದರೆ ಇದು ಮಗುಚುತ್ತಿತ್ತು. ಕಳೆ ಅಡಿಗೆ ಹೋಗುತ್ತಿತ್ತು. ರಾಗಿಯ ಹೊಲ ಉಳುವವನು ಯಾವ ಗುಡಿಗೆ ಹೋಗುತ್ತಾನೆಂದು ನೇಗಿಲು ಕೇಳಲಿಲ್ಲ. ಉಪದೇಶಿಯ ಮಾತು ಹೋಗಲಾರದ ಎಷ್ಟೋ ಹಟ್ಟಿಗಳಿಗೆ ಅದು ಹೋಗಿ, ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ನಿಂತಿರಬೇಕು.

1910ರಲ್ಲಿ ಆಸ್ಪತ್ರೆ ಬಂತು. ಅದರ ಪೂರ್ಣ ಹೆಸರು ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ. ಜನ ಕರೆದದ್ದು ಇ.ಟಿ.ಸಿ.ಎಂ. ಎಂದು, ಇಲ್ಲವೆ ‘ಮಿಷನ್ ಆಸ್ಪತ್ರೆ’ ಎಂದು. ಎಲೆನ್ ಎಂಬಾಕೆ ಅಮೆರಿಕದ ಒಹಾಯೋ ಸೀಮೆಯವಳು. ಲಖನೌದಲ್ಲಿ ಹೆಣ್ಣುಮಕ್ಕಳ ವಿದ್ಯೆಗೆ ಬುನಾದಿ ಹಾಕಿದ ಇಸಾಬೆಲ್ಲಾ ಥೋಬರ್ನ್ ಅವಳ ಒಡಹುಟ್ಟಿದವಳು. ಅಲ್ಲಿನ ಮೆಥೋಡಿಸ್ಟ್ ಹೆಂಗಸರು 1869ರಲ್ಲಿ ಬಾಸ್ಟನ್ನಿನಲ್ಲಿ ಒಂದು ಸಂಘ ಕಟ್ಟಿಕೊಂಡು, ಸದಸ್ಯೆಯೊಬ್ಬಳಿಗೆ ವಾರಕ್ಕೆ ಎರಡು ಸೆಂಟಿನಂತೆ ಚಂದಾ ಎತ್ತುತ್ತಿದ್ದರು. ಅಡಿಗೆಮನೆಯ ಖರ್ಚಿನಲ್ಲಿ ಮಿಗಿಸಿದ ಚಿಲ್ಲರೆ ಅದು. ಗಂಡು ವೈದ್ಯರಿಗೆ ನಾಡಿ ತೋರಿಸಲೂ ಹಿಂಜರಿಯುತ್ತಿದ್ದ ನಮ್ಮ ತಾಯಂದಿರಿಗೆ ಅಂಥ ಚಿಲ್ಲರೆ ಕಾಸು ಎಷ್ಟು ದೊಡ್ಡದಾಗಿ ಒದಗಿತೆಂಬುದನ್ನು ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳ ಹಳೆಯ ಮನೆಗಳಲ್ಲಿ ಕೇಳಬೇಕು. ಅಲ್ಲಿ ಹೆರಿಗೆಯಾಗಿ ಹಿಂದಿರುಗಿದ ಹೆಂಗಸು ತನ್ನ ದೇವರ ಕೋಣೆಗೇ ಹಿಂದಿರುಗಿದಳು. ಆಸ್ಪತ್ರೆಯ ಕೆಲಸಕ್ಕೆ ಈ ಲೆಕ್ಕದಲ್ಲಿ ಕಲಮೇ ಇರಲಿಲ್ಲ. ವೆಸ್ಲಿಯ ಲಂಡನ್ ಔಷಧಶಾಲೆ 164 ವರ್ಷಗಳ ಮೇಲೆ ಕೋಲಾರವನ್ನು ಮುಟ್ಟಿತು ಎಂದರೂ ಆದೀತು.

ಮನೆಯ ಎಳೆಯನ್ನು ಈಗ ಹೇಳುತ್ತೇನೆ. ನಮ್ಮದು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಈಶ್ವರ ಸಂವತ್ಸರದ ಬರದಲ್ಲಿ ನನ್ನ ಮುತ್ತಜ್ಜನ ತಂಗಿಯೊಬ್ಬಳನ್ನು, ಆಗ ಐದಾರು ವರ್ಷದವಳು, ಕೋಲಾರದ ಕಡೆಗೆ ಹೊರಟ ಯಾವುದೋ ಗಾಡಿಯಲ್ಲಿ ಹತ್ತಿಸಿ ಕಳುಹಿಸಿದರಂತೆ. ಅವಳು ಯಾವ ಮನೆ ಸೇರಿದಳು, ಬದುಕಿದಳೇ ಎಂಬುದನ್ನು ಆಮೇಲೆ ಯಾರೂ ವಿಚಾರಿಸಲಿಲ್ಲ. ವಿಚಾರಿಸಿದರೆ ಕರೆತರಬೇಕಾಗುತ್ತದೆ, ಕರೆತಂದರೆ ಪಂಕ್ತಿಯ ಪ್ರಶ್ನೆ ಬರುತ್ತದೆ. ಅವಳ ಹೆಸರನ್ನು ಎತ್ತುವುದೇ ನಿಂತುಹೋಯಿತು. ಸೊಸೆಯಾಗಿ ಬಂದ ನನ್ನ ಅಜ್ಜಿಗೆ ಮಾತ್ರ, ಸಾಯುವ ಕಾಲದಲ್ಲಿ, ಮುತ್ತಜ್ಜ ಇದನ್ನು ಹೇಳಿದ್ದರಂತೆ.

1966ರಲ್ಲಿ ನನ್ನ ತಂಗಿ ಹುಟ್ಟುವಾಗ ತಾಯಿಗೆ ಕಷ್ಟವಾಯಿತು. ಎರಡು ದಿನ ಕಳೆದರೂ ಸೂಲಗಿತ್ತಿಯ ಕೈ ಓಡಲಿಲ್ಲ. ಮಿಷನ್ ಆಸ್ಪತ್ರೆಯೆಂದರೆ ಮೂಗು ಮುರಿಯುತ್ತಿದ್ದ ಮನೆಯಲ್ಲಿ ಅಲ್ಲಿಗೇ ಹೋಗಬೇಕೆಂದು ಹಟ ಹಿಡಿದವಳು ಅಜ್ಜಿ. ಆಗ ನಮ್ಮೂರ ಮೇಲೆ ಓಡುತ್ತಿದ್ದ ಚಿಕ್ಕ ಹಳಿಯ ರೈಲಿನಲ್ಲಿ ಕೋಲಾರ ಸೇರಿದೆವು. ಏಳು ವರ್ಷದ ನನಗೆ ನೆನಪಿರುವುದು ಫಿನಾಯಿಲಿನ ವಾಸನೆ, ಉದ್ದನೆಯ ಜಗಲಿ, ಬಿಳಿಯ ಸೀರೆಯುಟ್ಟ ಒಬ್ಬ ನರ್ಸು. ತಾಯಿಯನ್ನು ಒಳಗೆ ಒಯ್ಯುವ ಮುಂಚೆ ಆಕೆ ಒಂದು ಗಳಿಗೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಅಜ್ಜಿ ಗಾಬರಿಯಾಗಿ, ಏನು ಬೇಡಿಕೊಂಡೆ ತಾಯಿ ಎಂದು ಕೇಳಿದಳು. “ನನ್ನ ಕೈ ನಡುಗದಿರಲಿ ಅಂತ, ಅಮ್ಮ” ಎಂದು ಆಕೆ ನಮ್ಮ ತೆಲುಗಿನಲ್ಲೇ ಹೇಳಿ ಒಳಗೆ ಹೋದಳು.

ತಾಯಿ ಮಗು ಇಬ್ಬರೂ ಉಳಿದರು. ಹೊರಡುವ ದಿನ ಅಜ್ಜಿ ಆ ನರ್ಸಿನ ಮುಖವನ್ನೇ ನೋಡುತ್ತಾ, ನಿಮ್ಮ ಹಿರಿಯರು ಯಾವ ಊರಿನವರು ಎಂದು ಕೇಳಿದಳು. ಬರದಲ್ಲಿ ಬಂದವರಂತೆ, ಊರಿನ ಹೆಸರು ನಮ್ಮಲ್ಲಿ ಯಾರಿಗೂ ತಿಳಿಯದು ಎಂದಳು ಆಕೆ. ಅಂಥ ಮನೆತನಗಳು ಕೋಲಾರದಲ್ಲಿ ಎಷ್ಟೋ ಇದ್ದಿರಬೇಕು. ಅಜ್ಜಿ ಮತ್ತೇನನ್ನೂ ಕೇಳಲಿಲ್ಲ. ಗಂಟಿನಿಂದ ಒಂದು ರವಿಕೆ ಕಣ, ಎರಡು ಬಾಳೆಹಣ್ಣು, ಮೊಳ ಕನಕಾಂಬರ, ಕುಂಕುಮದ ಭರಣಿ ತೆಗೆದು ಮನೆಮಗಳಿಗೆ ಹಿಡಿಯುವಂತೆ ಹಿಡಿದಳು. ಆಕೆ ಹಣ್ಣನ್ನೂ ಕಣವನ್ನೂ ತೆಗೆದುಕೊಂಡಳು; ಕೆಲಸದ ಹೊತ್ತಿನಲ್ಲಿ ಮುಡಿಯುವಂತಿಲ್ಲವೆಂದು ಹೂವನ್ನು ಮೇಜಿನ ಮೇಲಿನ ನೀರಿನ ಲೋಟದಲ್ಲಿಟ್ಟಳು; ಕುಂಕುಮವನ್ನು ನಯವಾಗಿ ಬೇಡವೆಂದಳು. ಅಜ್ಜಿ ಬಲವಂತ ಮಾಡಲಿಲ್ಲ. ರೈಲಿನಲ್ಲಿ ತಂದೆ, ಅಷ್ಟು ಹೊತ್ತು ಆಕೆಯೊಡನೆ ಏನು ಮಾತು ಎಂದು ಗದರಿದಾಗ, “ಮನ ಪಿಲ್ಲ” ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು. ನಮ್ಮ ಹುಡುಗಿ ಎಂದರ್ಥ.