ಹೋಗುವಾಗ ಹತ್ತಿ, ಬರುವಾಗ ಉಪ್ಪು

ಇವತ್ತಿನ ಸಂಚಿಕೆಯನ್ನು ಒಂದು ಹೆಸರಿನಿಂದ ಶುರು ಮಾಡೋಣ: ಕುಮಟಾ ಹತ್ತಿ.

ಕುಮಟಾ ಅಂದ್ರೆ ಉತ್ತರ ಕನ್ನಡದ ಬಂದರು. ಸಮುದ್ರ, ತೆಂಗು, ಭತ್ತದ ಗದ್ದೆ. ಅದು ಹತ್ತಿ ಬೆಳೆಯೋ ನೆಲ ಅಲ್ಲ. ಆದ್ರೂ ಹತ್ತೊಂಬತ್ತನೇ ಶತಮಾನದಲ್ಲಿ ಬೊಂಬಾಯಿಯ ಪೇಟೆಯಲ್ಲಿ 'ಕುಮಟಾ' ಅಂದ್ರೆ ಹತ್ತಿಯ ಒಂದು ಜಾತಿ. ಅದು ಬೆಳೀತಿದ್ದದ್ದು ಧಾರವಾಡ ಜಿಲ್ಲೆಯ ಎರಿ ಹೊಲದಲ್ಲಿ. ರೋಣ, ನರಗುಂದ, ನವಲಗುಂದ, ಗದಗ, ಎಲ್ಲಾ ನಮ್ಮ ಕಡೆಯವೇ. ಬೆಳೆದ ಊರಿನ ಹೆಸರು ಬರಲಿಲ್ಲ, ಹಡಗು ಹತ್ತಿದ ಬಂದರಿನ ಹೆಸರು ಉಳೀತು.

ನಾನು ಓದಿದ್ದು ಬಿ.ಕಾಂ. ತೆರಿಗೆ ಅಂದ್ರೆ ಆಗ ನಮಗೆ ಸೆಕ್ಷನ್ನು, ರೇಟು, ಹತ್ತು ಮಾರ್ಕಿನ ಲೆಕ್ಕ, ಅಷ್ಟೇ. ಇವತ್ತು ಬೇರೆ ಥರ ನೋಡೋಣ. ರೋಣದಿಂದ ಕುಮಟಾಕ್ಕೆ ಹೊರಟ ಒಂದು ಚಕ್ಕಡಿಯ ಹಿಂದೆ ನಡೆಯೋಣ. ಹೋಗುವಾಗ ಅದರಲ್ಲಿ ಏನಿತ್ತು, ಬರುವಾಗ ಏನಿತ್ತು, ಯಾವುದಕ್ಕೆ ಸುಂಕ ಬಿತ್ತು?

ದಾರಿ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಹುಬ್ಬಳ್ಳಿ, ಶಿರಸಿ, ಆಮೇಲೆ ದೇವಿಮನೆ ಘಟ್ಟ ಇಳಿದು ಕಡಲ ದಂಡೆ. ಅಲ್ಲಿಂದ ಹತ್ತಿ ಹಡಗಿನಲ್ಲಿ ಬೊಂಬಾಯಿಗೆ, ಬೊಂಬಾಯಿಯಿಂದ ಇಂಗ್ಲೆಂಡಿಗೆ.

ಹಳೆಯ ಕಾಲದಲ್ಲಿ ಇಂಥ ದಾರಿಯುದ್ದಕ್ಕೂ ಸುಂಕದ ಕಟ್ಟೆಗಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕಂಪನಿ ಸರ್ಕಾರ ಈ ಒಳನಾಡಿನ ಸಾಗಣೆ ಸುಂಕವನ್ನು ಬೊಂಬಾಯಿ ಪ್ರಾಂತದಲ್ಲಿ 1838ರ ಹೊತ್ತಿಗೆ ತೆಗೆದುಹಾಕಿತು. ಆಗ ಕುಮಟಾ ಇದ್ದದ್ದು ಮದ್ರಾಸ್ ಪ್ರಾಂತದಲ್ಲಿ. ಅಲ್ಲಿ 1844ರಲ್ಲಿ ಹೋಯಿತು. ವ್ಯಾಪಾರಕ್ಕೆ ಇದರಿಂದ ಅನುಕೂಲ ಆಯ್ತು, ಅದನ್ನು ಒಪ್ಪಲೇಬೇಕು.

ಆದರೆ ಸರ್ಕಾರದ ಖಜಾನೆಗೆ ಆ ದುಡ್ಡು ಎಲ್ಲಿಂದ ಬರಬೇಕು? ಬೊಂಬಾಯಿ ಪ್ರಾಂತದಲ್ಲಿ 1837ರ ಕಾಯ್ದೆ ಉಪ್ಪಿನ ಮೇಲೆ ಮಣಕ್ಕೆ 8 ಆಣೆ ಸುಂಕ ಹಾಕಿತು. ಮಣ ಅಂದ್ರೆ ಸುಮಾರು 37 ಕೆ.ಜಿ. 1844ರಲ್ಲಿ ಅದು 1 ರೂಪಾಯಿ. ಮದ್ರಾಸ್ ಕಡೆಯಂತೂ ಉಪ್ಪು ಸರ್ಕಾರದ್ದೇ ಏಕಸ್ವಾಮ್ಯ.

ಈಗ ಚಕ್ಕಡಿ ನೋಡ್ರಿ. ಹತ್ತಿ ಅಂಡಗಿ ಇಳಿಸಿದ ಮೇಲೆ ಖಾಲಿ ಚಕ್ಕಡಿ ಹೊಡಕೊಂಡು ಯಾರೂ ಘಟ್ಟ ಹತ್ತೋದಿಲ್ಲ. ವಾಪಸು ಬರುವಾಗ ತೆಂಗು, ಅಡಿಕೆ, ಎಲ್ಲಕ್ಕಿಂತ ಮುಖ್ಯವಾಗಿ ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಇವತ್ತಿಗೂ ಉಪ್ಪಿನ ಗದ್ದೆ ಇವೆ. ಇಂಗ್ಲೆಂಡಿನ ಗಿರಣಿಗೆ ಬೇಕಾದ ಹತ್ತಿಯ ದಾರಿ ಹಗುರಾಯಿತು. ರೋಣದ ಮನೆಯ ಅಂಬಲಿಗೆ ಬೇಕಾದ ಉಪ್ಪು ಸುಂಕ ಹೊತ್ತುಕೊಂಡು ಬಂತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿಗೆ ಹತ್ತಿ ಬರೋದು ನಿಂತಿತು. ಧಾರವಾಡದ ಹತ್ತಿಗೆ ಒಮ್ಮೆಲೇ ಬಂಗಾರದ ಬೆಲೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿಗೆ ಸೇರಿಸಿದರು. ಹತ್ತಿ ಬೆಳೆಯೋ ಜಿಲ್ಲೆ, ಅದು ಹಡಗು ಹತ್ತೋ ಬಂದರು, ಎರಡೂ ಒಂದೇ ಸರ್ಕಾರದ ಕೈಗೆ ಬರಲಿ ಅನ್ನೋದು ಮುಖ್ಯ ಕಾರಣ. 1863ರಲ್ಲಿ ಹತ್ತಿ ವಂಚನೆ ತಡೆ ಕಾಯ್ದೆ ಬಂತು. ಹತ್ತಿಗೆ ಕಸ, ಬೀಜ ಬೆರೆಸಿದರೆ ಶಿಕ್ಷೆ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು.

ಬಂದರಿನಲ್ಲಿ ಸುಂಕ ಬಿಡೋದು ಯಾವಾಗಲೂ ದಯೆಯಿಂದಲ್ಲ ಅನ್ನೋದಕ್ಕೆ ಇನ್ನೊಂದು ಉದಾಹರಣೆ ಏಡನ್. ಕೇಳಿದ್ರೆ ಆಶ್ಚರ್ಯ ಆಗ್ತದೆ: 1839ರಲ್ಲಿ ಬ್ರಿಟಿಷರು ಹಿಡಿದ ಆ ಅರಬ್ ಬಂದರು, ನಮ್ಮ ರೋಣ, ಎರಡೂ ಬೊಂಬಾಯಿ ಸರ್ಕಾರದ ಕೆಳಗೇ ಇದ್ದವು. 1850ರಲ್ಲಿ ಏಡನ್ನನ್ನು ಸುಂಕವಿಲ್ಲದ ಬಂದರು ಮಾಡಿದರು. ಮೋಖಾದಂಥ ಹಳೆಯ ಬಂದರುಗಳ ವ್ಯಾಪಾರ ಅಲ್ಲಿಗೆ ತಿರುಗಿತು. ಸುಂಕ ಬಿಡೋದೂ ಲಾಭದ ಲೆಕ್ಕವೇ.

ಈ ಲೆಕ್ಕದ ಕಠಿಣ ಪುಟ ಬರೋದು 1876ರ ಬರದಲ್ಲಿ. ಧಾರವಾಡ ಜಿಲ್ಲೆ ನಲುಗಿಹೋಯಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಒಂದು ಲಕ್ಷದಷ್ಟು ಇಳಿಯಿತು. ಆ ಬರ ಇನ್ನೂ ಪೂರ್ತಿ ಮುಗಿದಿರಲಿಲ್ಲ, 1877ರ ಕೊನೆಗೆ ಬೊಂಬಾಯಿ ಪ್ರಾಂತದ ಉಪ್ಪಿನ ಸುಂಕ ಮಣಕ್ಕೆ 1 ರೂಪಾಯಿ 13 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿತು. ಲೆಕ್ಕ ಹಾಕ್ರಿ, ಶೇ. 38ರಷ್ಟು ಹೆಚ್ಚಳ.

ಐದು ವರ್ಷ ಬಿಟ್ಟು, 1882ರಲ್ಲಿ, ಹೊರಗಿನಿಂದ ಬರೋ ಹತ್ತಿ ಬಟ್ಟೆಯ ಮೇಲೆ ಉಳಿದಿದ್ದ ಆಮದು ಸುಂಕವನ್ನು ಪೂರ್ತಿ ತೆಗೆದರು. ಉಪ್ಪಿನ ಸುಂಕವೂ 2 ರೂಪಾಯಿಗೆ ಇಳಿಯಿತು, ಖರೆ. ಆದರೆ 1888ರಲ್ಲಿ ಮತ್ತೆ ಎರಡೂವರೆ ರೂಪಾಯಿ. ಮ್ಯಾಂಚೆಸ್ಟರ್ ಬಟ್ಟೆ ಮಾತ್ರ 1894ರ ತನಕ ಸುಂಕವಿಲ್ಲದೆ ಬಂತು. ಗಜೇಂದ್ರಗಡದಲ್ಲಿ ಸೀರೆ ನೇಯೋ ಮಗ್ಗದವನು ಪೈಪೋಟಿ ಮಾಡಬೇಕಾಗಿದ್ದು ಅದರ ಜೊತೆ. 1896ರಲ್ಲಿ ಆಮದು ಬಟ್ಟೆಗೆ ಶೇ. 3.5 ಹಾಕಿದಾಗ, ಸಮ ಇರಲಿ ಅಂತ ನಮ್ಮ ದೇಶದ ಗಿರಣಿ ಬಟ್ಟೆಗೂ ಅಷ್ಟೇ ಹಾಕಿದರು. ಕೈಮಗ್ಗದ ಬಟ್ಟೆಗೆ ಆ ಸುಂಕ ಇರಲಿಲ್ಲ, ಅದನ್ನೂ ಹೇಳಬೇಕು. ಗಿರಣಿ ಬಟ್ಟೆಯ ಸುಂಕ ಹೋಗೋದಕ್ಕೆ 1925ರ ಕೊನೆಯವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಕುಮಟಾದ ಚಕ್ಕಡಿ ದಾರಿ ಸೊರಗಿತ್ತು. 1884ರಲ್ಲಿ ಗದಗಕ್ಕೆ ರೈಲು ಬಂತು. ರೋಣ ತಾಲ್ಲೂಕಿನ ಹೊಳೆಆಲೂರಿಗೂ ಸ್ಟೇಷನ್ ಆಯಿತು. ಆಮೇಲೆ ಹತ್ತಿ ಹಿಡಿದದ್ದು ರೈಲಿನ ದಾರಿ. ಉಪ್ಪಿನ ಸಿಟ್ಟು ಮಾತ್ರ ಕಡಲ ದಂಡೆಯಲ್ಲಿ ಉಳೀತು. 1930ರ ಏಪ್ರಿಲ್ 13ರಂದು ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಅಂಕೋಲಾ ಅಂದ್ರೆ ಕುಮಟಾದ ಪಕ್ಕದ ತಾಲ್ಲೂಕು.

ತೆರಿಗೆ ಎಷ್ಟು ಅಂತ ಎಲ್ಲರೂ ಕೇಳ್ತೀವಿ. ಚಕ್ಕಡಿಯ ಹಿಂದೆ ನಡೆದ ಮೇಲೆ ನಾನು ಕೇಳೋ ಪ್ರಶ್ನೆ ಬೇರೆ: ಯಾರ ಸರಕಿಗೆ ಬಿಟ್ಟರು, ಯಾರ ಸರಕಿಗೆ ಹಾಕಿದರು? ಇದು ಬ್ರಿಟಿಷರ ಜೊತೆ ಹಡಗು ಹತ್ತಿ ಹೋದ ಪ್ರಶ್ನೆ ಅಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದು ನಿಂತರು. ಗೋಲಿಬಾರ್ ಆಯಿತು, ರೈತನ ಜೀವ ಹೋಯಿತು. ಆಗ ಸರ್ಕಾರ ನಮ್ಮದೇ ಇತ್ತು.

ನಿಮ್ಮ ಮನೆಯ ಹಿರಿಯರಿಗೆ ಹತ್ತಿ ಅಂಡಗಿಯ, ಉಪ್ಪಿನ ಚಕ್ಕಡಿಯ ನೆನಪಿದ್ರೆ ಕೂತು ಕೇಳ್ರಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ರಿ. ಮತ್ತೆ ಸಿಗೋಣ.