ತಾತನ ಎರಡು ಹಗ್ಗ

ವೈದ್ಯನಾಥಪುರದಲ್ಲಿ ನಮ್ಮ ತಾತ ಕಬ್ಬಿನ ಗಾಡಿ ಹೊಡೆಯುತ್ತಿದ್ದರು. ಎಡಕ್ಕೆ ತಿರುಗಬೇಕಾದರೆ ಎಡಗಡೆ ಎತ್ತಿನ ಹಗ್ಗ ಜಗ್ಗಿ ತಡೆಯುವರು, ಬಲಗಡೆಯದನ್ನು ಮುಂದೆ ಬಿಡುವರು. ಗಾಡಿ ತಿರುಗುತ್ತಿತ್ತು. ಹಳೇ ಮೈಸೂರಿನ ರಸ್ತೆಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಹಗ್ಗ ಮತ್ತೆ ನೆನಪಾದದ್ದು ದೊಡ್ಡಪ್ಪನ ಮಗನ ದೆಸೆಯಿಂದ.

ಅಣ್ಣನಿಗೆ ಕಾರಿನ ಹುಚ್ಚು. ಎರಡು ಮಳೆಗಾಲದ ಹಿಂದೆ ಗೆಳೆಯನ ಸ್ಪೋರ್ಟ್ಸ್ ಕಾರನ್ನು ಮದ್ದೂರಿನ ಕಡೆ ಓಡಿಸುವಾಗ, ಸ್ಟೆಬಿಲಿಟಿ ಕಂಟ್ರೋಲಿನ ಗುಂಡಿ ಒತ್ತಿ ಅದನ್ನು ಆರಿಸಿದ್ದ. ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ತುಳಿದ. ಹಿಂಭಾಗ ಜಾರಿ, ಕಾರು ಬುಗುರಿಯಂತೆ ಸುತ್ತಿ ಕಬ್ಬಿನ ಗದ್ದೆಗೆ ಹೋಯಿತು. ಹೆಗಲ ಮೂಳೆ ಮುರಿಯಿತು, ಅಷ್ಟೆ. ಅರ್ಧ ಗಂಟೆ ಮೊದಲು ಅದೇ ರಸ್ತೆಯ ಅಂಚಿನಲ್ಲಿ ಶಾಲೆ ಬಿಟ್ಟ ಮಕ್ಕಳು ನಡೆದು ಹೋಗಿದ್ದರು. ಅದನ್ನು ಹೇಳಿದರೂ ಅವನ ಮಾತು ಒಂದೇ: “ಲೇ, ಗಾಡಿ ಹೊಡೆಯೋನು ನಾನಾ, ಅದಾ?”

ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಚಕ್ರ ಜಾರದಂತೆ ಎಂಜಿನ್, ಗೇರ್ ಅಥವಾ ಬ್ರೇಕಿನ ಮೂಲಕ ತಡೆಯುವ ಸಾಧನಕ್ಕೆ ಮರ್ಸಿಡಿಸ್‌ನ ಫ್ರಿಟ್ಜ್ ನಾಲಿಂಗರ್ 1959ರಲ್ಲೇ ಪೇಟೆಂಟ್ ಪಡೆದಿದ್ದರು. ಅದನ್ನು ನಡೆಸುವಷ್ಟು ಚುರುಕಾದ ಸೆನ್ಸರ್, ಕಂಪ್ಯೂಟರ್ ಆಗ ಇರಲಿಲ್ಲ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಬಂತು. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸೇರಿ ಎಸ್-ಕ್ಲಾಸ್ ಕೂಪೆಯಲ್ಲಿ ಇಎಸ್‌ಪಿ ಎಂಬ ಹೆಸರಿನಲ್ಲಿ ಈ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದವು. ಬಾಷ್ ಅಂದರೆ ದೂರದ್ದೇನಲ್ಲ, 1951ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ.

ಆದರೆ ಅದನ್ನು ಮನೆಮಾತು ಮಾಡಿದ್ದು ಒಂದು ಅವಮಾನ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು, ದಾರಿಗೆ ಅಡ್ಡ ಬಂದ ಕಾಡುಪ್ರಾಣಿಯನ್ನು ತಪ್ಪಿಸುವಂಥ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಪುಟ್ಟ ಎ-ಕ್ಲಾಸ್ ಕಾರನ್ನು ಓಡಿಸಿತು. ಕಾರು ಮಗುಚಿತು. ಕಂಪನಿ ಮಾರಾಟ ನಿಲ್ಲಿಸಿ, ಎಲ್ಲ ಎ-ಕ್ಲಾಸ್‌ಗಳಿಗೂ ಇಎಸ್‌ಪಿ ಹಾಕಿಕೊಟ್ಟಿತು. ಶ್ರೀಮಂತರ ಕಾರಿನ ಸೊತ್ತು ಸಣ್ಣ ಕಾರಿಗೆ ಇಳಿದದ್ದು ಹೀಗೆ.

ಸ್ಪೋರ್ಟ್ಸ್ ಕಾರಿನವರು ಮಾತ್ರ ಮೂಗು ಮುರಿದರು. ಪೋರ್ಷೆ 911ರ ಎಂಜಿನ್ ಹಿಂದಿದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಾಲವೇ ಮುಂದಾಗುತ್ತಿತ್ತು. ಅದರ ಎಪ್ಪತ್ತರ ದಶಕದ ಟರ್ಬೊ ಮಾದರಿಗೆ ‘ವಿಧವೆಯರನ್ನು ಮಾಡುವ ಕಾರು’ ಎಂದೇ ಅಡ್ಡಹೆಸರು. ಅದನ್ನು ಪಳಗಿಸುವುದೇ ಗಂಡಸುತನ ಎಂದು ಬಗೆದವರಿದ್ದರು! 1998ರಲ್ಲಿ ಹೊಸ ಕರೇರಾ 4ಕ್ಕೆ ಪೋರ್ಷೆಯೇ ಇಂಥ ವ್ಯವಸ್ಥೆ ಅಳವಡಿಸಿತು. ಆದರೂ ಮುಂದೆ ಬಂದ 612 ಅಶ್ವಶಕ್ತಿಯ ಕರೇರಾ ಜಿಟಿಯಲ್ಲಿ ಅದನ್ನು ಕೊಡಲಿಲ್ಲ.

ಕೌಶಲದ ವಾದ ಎಲ್ಲಿ ಎಡವುತ್ತದೆ? ಸ್ಟೇರಿಂಗಿನ ಕೋನ ಚಾಲಕ ಎತ್ತ ಹೋಗಬೇಕೆಂದಿದ್ದಾನೆ ಎಂದು ಹೇಳುತ್ತದೆ. ಇನ್ನೊಂದು ಸೆನ್ಸರ್ ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂದು ಅಳೆಯುತ್ತದೆ. ಎರಡೂ ತಾಳೆಯಾಗದಿದ್ದರೆ ಕಂಪ್ಯೂಟರ್ ಒಂದೊಂದು ಚಕ್ರವನ್ನು ಬೇರೆಬೇರೆಯಾಗಿ ತಡೆಯುತ್ತದೆ. ಹಿಂಭಾಗ ಜಾರಿದರೆ ಹೊರಗಡೆಯ ಮುಂಚಕ್ರವನ್ನು, ಕಾರು ತಿರುಗದೆ ನೇರ ನುಗ್ಗಿದರೆ ಒಳಗಡೆಯ ಹಿಂಚಕ್ರವನ್ನು. ಬೇಕಾದರೆ ಎಂಜಿನ್ನಿನ ಕಸುವನ್ನೂ ಇಳಿಸುತ್ತದೆ. ತಾತನಿಗೆ ಎರಡು ಹಗ್ಗ ಇದ್ದವು. ಕಾರಿನವನಿಗೆ ಇರುವುದು ಒಂದೇ ಬ್ರೇಕ್ ಪೆಡಲ್, ತುಳಿದರೆ ನಾಲ್ಕಕ್ಕೂ ಬೀಳುತ್ತದೆ. ಎಂಥ ಗಟ್ಟಿಗನೂ ಒಂದು ಚಕ್ರವನ್ನು ಮಾತ್ರ ಹಿಡಿಯಲಾರ.

ಅಣ್ಣನ ಪರವಾಗಿಯೂ ಒಂದು ಮಾತು ಹೇಳಬೇಕು. ಫಾರ್ಮುಲಾ ಒನ್ 1994ಕ್ಕೆ, ಮತ್ತೆ 2008ಕ್ಕೆ ಚಕ್ರದ ಜಾರಿಕೆ ತಡೆಯುವ ಎಲೆಕ್ಟ್ರಾನಿಕ್ಸನ್ನು ನಿಷೇಧಿಸಿತು. ಪಂದ್ಯ ಇರುವುದೇ ಚಾಲಕನನ್ನು ಅಳೆಯಲು, ಅಲ್ಲಿ ಅದು ಸರಿ. ನಮ್ಮ ಮಂಡ್ಯ ಸೀಮೆಯ ಎತ್ತಿನಗಾಡಿ ಓಟಕ್ಕೆ ಯಾರಾದರೂ ಯಂತ್ರದ ಹಗ್ಗ ತಂದರೆ ನಾನೂ ಒಪ್ಪಲಾರೆ. ಆದರೆ ಟ್ರ್ಯಾಕಿನ ಅಂಚಿನಲ್ಲಿ ಮಕ್ಕಳು ನಡೆಯುವುದಿಲ್ಲ.

ಇದು ಪವಾಡವೂ ಅಲ್ಲ. ಟೈರಿಗೆ ನೆಲದ ಹಿಡಿತ ಎಷ್ಟಿದೆಯೋ ಅಷ್ಟನ್ನೇ ಅದು ಬಳಸಬಲ್ಲದು. 2013ರಲ್ಲಿ ನಟ ಪಾಲ್ ವಾಕರ್ ತೀರಿಕೊಂಡದ್ದು ಕರೇರಾ ಜಿಟಿಯಲ್ಲಿ. ತನಿಖೆ ಬೆರಳು ತೋರಿಸಿದ್ದು ಅತಿವೇಗದ ಕಡೆಗೆ, ಟೈರುಗಳೂ ಒಂಬತ್ತು ವರ್ಷ ಹಳೆಯವು. ಅದೇನೇ ಇರಲಿ, ಒಂಟಿ ವಾಹನದ ಅಪಘಾತಗಳು ಈ ವ್ಯವಸ್ಥೆಯಿಂದ ಕಾರುಗಳಲ್ಲಿ ಶೇ. 34ರಷ್ಟು ಕಡಿಮೆಯಾಗುತ್ತವೆ ಎಂಬ ಅಂದಾಜಿನ ಮೇಲೆ ಅಮೆರಿಕ 2012ರ ಮಾದರಿಗಳಿಂದ ಅದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 2023ರ ಅಕ್ಟೋಬರಿನಿಂದ ಜಾರಿಯಾದ ಭಾರತ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಹೆಚ್ಚು ನಕ್ಷತ್ರ ಬೇಕಾದರೆ ಇದು ಇರಲೇಬೇಕು.

ಅದೇ ವರ್ಷ ಮಾರ್ಚ್ 12ಕ್ಕೆ ನಮ್ಮ ಪಕ್ಕದ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್, ಎತ್ತಿನಗಾಡಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಅವೆಲ್ಲ ಸರ್ವಿಸ್ ರಸ್ತೆಗೆ ಬಂದವು. ಟೋಲ್ ಉಳಿಸಲು ಕಾರಿನವರೂ ಅಲ್ಲಿಗೇ ಇಳಿಯುತ್ತಾರೆ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಅಣ್ಣನಿಗೆ ತಾತನ ಎರಡು ಹಗ್ಗದ ವಿಷಯ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. “ತಾತ ಯಾವತ್ತಾದ್ರೂ ಗಾಡಿ ಮಗುಚಿದ್ರಾ?” ಎಂದ. ಒಂದು ಸಲ ಮಗುಚಿದ್ದರು, ಹಗ್ಗವನ್ನು ಮೂಕಿಗೆ ಕಟ್ಟಿ ನಿದ್ದೆ ಹೋಗಿದ್ದಾಗ.