ವಾಕರ್ಟನ್ನಿನ ಐದನೆಯ ಬಾವಿ

ನೀರಿನ ಶುದ್ಧತೆಯನ್ನು ಕ್ಷಣಕ್ಷಣವೂ ಅಳೆದು ತಿಳಿಸುವ ಡಿಜಿಟಲ್ ಮಾಪಕಗಳು ಇಂದು ಅನೇಕ ಜಲಶುದ್ಧೀಕರಣ ಘಟಕಗಳಲ್ಲಿವೆ. ಅವು ಏಕೆ ಬೇಕೆಂಬುದನ್ನು ಮನಗಾಣಿಸಿದ ಒಂದು ದುರಂತ 2000ದ ಮೇ ತಿಂಗಳಿನಲ್ಲಿ ಕೆನಡಾ ದೇಶದ ಪುಟ್ಟ ಪಟ್ಟಣವೊಂದರಲ್ಲಿ ನಡೆಯಿತು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅದನ್ನು ಹೇಳಬೇಕೆನಿಸಿದೆ.

ಆಂಟೇರಿಯೊ ಪ್ರಾಂತ್ಯದ ವಾಕರ್ಟನ್ ಸುಮಾರು 4,800 ಜನರ ಊರು. ಅಲ್ಲಿನ ನೀರು ಸರಬರಾಜಿನ ಬಾವಿಗಳಲ್ಲಿ ಐದನೆಯದು ಆಳವಿಲ್ಲದ್ದು; ಸಮೀಪದಲ್ಲೇ ಹೊಲವಿತ್ತು. ಮೇ 12ರ ಸುಮಾರಿಗೆ ಸುರಿದ ಭಾರಿ ಮಳೆಗೆ ಹೊಲದ ಸಗಣಿಗೊಬ್ಬರದಲ್ಲಿದ್ದ ರೋಗಾಣುಗಳು ಆ ಬಾವಿಯನ್ನು ಸೇರಿದವು. 2,300ಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 7 ಮಂದಿ ಅಸುನೀಗಿದರು. ರೈತನದು ಯಾವ ತಪ್ಪೂ ಇರಲಿಲ್ಲ.

ನೀರಿಗೆ ಬೆರೆಸಿದ ಕ್ಲೋರಿನ್ ಕಲ್ಮಶದೊಡನೆ ವರ್ತಿಸಿ ವ್ಯಯವಾಗುತ್ತದೆ. ಆಮೇಲೂ ಉಳಿಯುವ ಶೇಷವೇ ನಮಗಿರುವ ಅಭಯ. ಅದು 15 ನಿಮಿಷಗಳ ತರುವಾಯ ಲೀಟರಿಗೆ 0.5 ಮಿಲಿಗ್ರಾಂ ಇರಬೇಕಿತ್ತು. ನೌಕರರು ಪ್ರತಿದಿನ ಅಳೆದು ದಾಖಲಿಸಬೇಕಿತ್ತು. ಅವರಾದರೋ ಬಹುತೇಕ ದಿನ ಅಳೆಯದೆಯೇ 0.5 ಎಂದೋ 0.75 ಎಂದೋ ಬರೆದಿಡುತ್ತಿದ್ದರು. ಪ್ರಯೋಗ ಮಾಡದೆ ರೆಕಾರ್ಡ್ ಪುಸ್ತಕ ತುಂಬಿಸುವ ಚಾಳಿಯನ್ನು ಶಾಲೆಯಲ್ಲಿ ನೀವೆಲ್ಲ ಕಂಡವರೇ! ಅವರು ಕೊಲೆಪಾತಕರಲ್ಲ, ತಮ್ಮೂರಿನ ನೀರು ನಿರ್ಮಲವೆಂದು ನಂಬಿ, ಕ್ಲೋರಿನ್ ಹಾಕದ ನೀರನ್ನು ತಾವೂ ಕುಡಿದವರು.

ಮೇ 17ರಂದು ನೀರು ಕಲುಷಿತವೆಂಬ ಪ್ರಯೋಗಾಲಯದ ವರದಿ ಬಂದಿತು. ಸರಬರಾಜಿನ ಮೇಲ್ವಿಚಾರಕರು ಅದನ್ನು ಆರೋಗ್ಯಾಧಿಕಾರಿಗಳಿಂದ ಮುಚ್ಚಿಟ್ಟರು. ನೀರನ್ನು ಕುದಿಸಿ ಕುಡಿಯಿರೆಂಬ ಎಚ್ಚರಿಕೆ ಹೊರಬಿದ್ದುದು ಮೇ 21ರಂದು, ಆರೋಗ್ಯಾಧಿಕಾರಿಗಳಿಂದಲೇ.

ನ್ಯಾಯಮೂರ್ತಿ ಡೆನಿಸ್ ಒಕಾನರ್ ಅವರ ತನಿಖಾ ಆಯೋಗವು 2002ರಲ್ಲಿ ನೀಡಿದ ವರದಿಯ ಒಂದು ಮಾತು ಗಮನಾರ್ಹ: ಐದನೆಯ ಬಾವಿಯಲ್ಲಿ ಶೇಷ ಕ್ಲೋರಿನ್ನನ್ನೂ ನೀರಿನ ಕದಡುವಿಕೆಯನ್ನೂ ಸದಾ ಅಳೆಯುವ ಮಾಪಕಗಳಿದ್ದಿದ್ದರೆ ಈ ದುರಂತವನ್ನು ತಡೆಯಬಹುದಿತ್ತು. ಮಾಪಕವು ರೋಗಾಣುವನ್ನೇ ಕಾಣುವುದಿಲ್ಲ ನಿಜ. ಆದರೆ ಕಲ್ಮಶ ಹೆಚ್ಚಿದೊಡನೆ ಶೇಷ ಕ್ಲೋರಿನ್ ಕುಸಿಯುವುದನ್ನು ಅದು ಕೂಡಲೇ ಗುರುತಿಸುತ್ತದೆ. ಎಚ್ಚರಿಕೆಯ ಗಂಟೆ ಬಾರಿಸಿ, ಪಂಪನ್ನು ತಾನಾಗಿಯೇ ನಿಲ್ಲಿಸುವಂತೆ ಅದನ್ನು ಅಳವಡಿಸಬಹುದು. ಸೀಸೆಯಲ್ಲಿ ನೀರು ಕಳುಹಿಸಿ ಉತ್ತರಕ್ಕೆ ದಿನಗಟ್ಟಲೆ ಕಾಯುವ ಪದ್ಧತಿಗೆ ಆ ವೇಗವೆಲ್ಲಿಯದು? ಅದೇ ವರ್ಷ ಆಂಟೇರಿಯೊ ಸುರಕ್ಷಿತ ಕುಡಿಯುವ ನೀರಿನ ಕಾಯಿದೆಯನ್ನು ಅಂಗೀಕರಿಸಿತು.

ಹಾಗೆಂದು ಯಂತ್ರ ಬಂದ ಮಾತ್ರಕ್ಕೆ ಮನುಷ್ಯನ ಹೊಣೆ ತೀರಿತೆಂದು ಭಾವಿಸಲಾಗದು. ಮಾಪಕದ ಸಂವೇದಕವನ್ನು ಆಗಾಗ ಶುಚಿಗೊಳಿಸಿ, ಗೊತ್ತಿರುವ ಪ್ರಮಾಣದ ದ್ರಾವಣದೊಡನೆ ಹೋಲಿಸಿ ಸರಿಪಡಿಸಬೇಕು. ಗಂಟೆ ಬಾರಿಸಿದಾಗ ಯಾರಾದರೂ ಎದ್ದು ಹೋಗಿ ನೋಡಬೇಕು. ನಿಮ್ಮಲ್ಲಿ ಕೆಲವರು ಇಂದು ಇಂತಹ ಹುದ್ದೆಗಳಲ್ಲಿದ್ದೀರಿ. ಅಳೆಯದ ಅಂಕಿಯನ್ನು ಎಂದಿಗೂ ಬರೆಯದಿರಿ. ಅಳೆಯಲಾಗದ ದಿನ ಆ ಜಾಗವನ್ನು ಖಾಲಿ ಬಿಡಿ. ಖಾಲಿ ಜಾಗವನ್ನು ಕಂಡವರು ಪ್ರಶ್ನೆಯನ್ನಾದರೂ ಕೇಳುತ್ತಾರೆ.